ಅತ್ತೆ ನುಂಗಿದ ಸಾಲು

ನಮ್ಮತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದವಳು. ಲೇಸಿನ ಬಟ್ಟೆ ಅವಳ ಕೈಯಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಮನೆಯಲ್ಲಿ ನಾವ್ಯಾರೂ ಅಷ್ಟು ಕೇಳಿದವರಲ್ಲ. ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗವನ್ನು ಸೋಮವಾರ ಅಂಗಡಿಯಲ್ಲಿ ಎಲ್ಲರಿಗೂ ಒಪ್ಪಿಸದಿದ್ದರೆ ಅವಳಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. "ಪಾದ್ರಿಗಳಿಗೆ ರಜೆ ಬೇಕಾದ್ರೆ ಇವಳನ್ನೇ ನಿಲ್ಲಿಸ್ಬಹುದು" ಎಂದು ಅಪ್ಪ ರೇಗಿಸುತ್ತಿದ್ದರು.

ಸಂಜೆ ಊಟಕ್ಕೆ ಮೊದಲು ಪ್ರಾರ್ಥನೆ ಹೇಳಿಸುವುದೂ ಅವಳೇ. ಒಂದು ಸಂಜೆ ಕರ್ತನ ಪ್ರಾರ್ಥನೆಯಲ್ಲಿ ಅನ್ನ ಕೇಳುವ ಸಾಲಿನಿಂದ ನೇರವಾಗಿ 'ನಮ್ಮನ್ನು ಶೋಧನೆಗೆ ಒಳಪಡಿಸಬೇಡ' ಎನ್ನುವ ಸಾಲಿಗೆ ಹಾರಿದಳು. ನಡುವಿನ, 'ನಮ್ಮ ತಪ್ಪುಗಳನ್ನು ಕ್ಷಮಿಸು' ಎನ್ನುವ ಸಾಲು ಮಾಯ. ಹಸಿವೇನೋ ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅತ್ತೆ, ಒಂದ್ಸಾಲು ನುಂಗ್ತಾ ಇದ್ದೀಯಲ್ಲ?"

"ಪ್ರಾರ್ಥನೇಲಿ ಕಣ್ಮುಚ್ಕೋ ಅಂದ್ರೆ ಕಿವೀನ ಇಷ್ಟಗಲ ತೆರೀತೀಯ" ಎಂದು ಸಿಡುಕಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವಳ ಮುಖ.

ಮೂರು ವಾರ ಕಳೆದ ಮೇಲೆ, ಒಣಗಿದ ಬಟ್ಟೆ ಮಡಿಸುತ್ತಾ ತಾನಾಗಿಯೇ ಹೇಳಿದಳು. ಆ ಸಾಲನ್ನು ಮೊದಲ ಸಲ ನುಂಗಿದ ದಿನ ಮದುಮಗಳ ಬಿಳಿ ಗೌನೊಂದು ಅಂಗಡಿಗೆ ಬಂದಿತ್ತು. ಪಕ್ಕದ ಮೇಜಿನ ಹೆಂಗಸಿನ ಪಾಲಿಗೆ ಬಂದ ಕೆಲಸ. ಎತ್ತರದ ಆಳಾದ್ದರಿಂದ ಅವಳನ್ನು ಎಲ್ಲರೂ ಉದ್ದಕ್ಕ ಎನ್ನುತ್ತಾರೆ. "ಲೇಸು ನಿನ್ನ ಕೈಗೆ ಬಗ್ಗಲ್ಲ, ಇತ್ತ ಕೊಡು" ಎಂದು ಅತ್ತೆ ಅದನ್ನು ಕಿತ್ತುಕೊಂಡಳು. ಹಾಗೇ ಪ್ರಸಂಗವನ್ನೂ ಶುರು ಮಾಡಿದಳು. ಕೇಳುವವರ ಕಡೆ ತಿರುಗಿದ್ದಷ್ಟೇ, ಹಿಂದೆ ಗೌನಿನ ತೋಳಿನ ಮೇಲೆ ಇಸ್ತ್ರಿ ಪೆಟ್ಟಿಗೆ ಹಾಗೇ ಕೂತಿತ್ತು. ವಾಸನೆ ಬರುವ ಹೊತ್ತಿಗೆ ಕಂದು ಕಲೆ ಬಿದ್ದಾಗಿತ್ತು.

ಯಾವ ಬಟ್ಟೆ ಯಾರ ಕೈಗೆ ಎಂದು ಬರೆದ ಪಟ್ಟಿಯಲ್ಲಿದ್ದದ್ದು ಉದ್ದಕ್ಕನ ಹೆಸರು. ಮಾಲೀಕ ಅವಳ ಮೇಲೆ ಎಗರಿದ. "ನಾನಲ್ಲ, ಅವರು" ಎಂದು ಉದ್ದಕ್ಕ ತೋರಿಸಿದಳು. ಪ್ರಸಂಗ ಕೇಳುತ್ತಿದ್ದವರು ತಂತಮ್ಮ ಮೇಜಿಗೆ ಬಗ್ಗಿಬಿಟ್ಟಿದ್ದರು. ಮಾಲೀಕ ಅತ್ತೆಯ ಮುಖ ನೋಡಿದ. ಅತ್ತೆ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತುತ್ತಾ ನಿಂತಳು.

"ಅವರು ದೇವರಿಗೆ ಹೆದರೋರು. ತಪ್ಪು ಮಾಡಿದ್ರೆ ಬಾಯ್ಬಿಟ್ಟು ಹೇಳೋರು" ಎಂದ ಮಾಲೀಕ, ಅವತ್ತೇ ಉದ್ದಕ್ಕನನ್ನು ಮನೆಗೆ ಕಳಿಸಿದ.

"ನಾನು ಸುಳ್ಳು ಹೇಳ್ಲಿಲ್ಲ ಕಣೇ" ಎಂದಳು ಅತ್ತೆ. ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ, "ದೇವರ ಹೆಸರೇ ನನಗೋಸ್ಕರ ಸುಳ್ಳು ಹೇಳ್ತು" ಎಂದು ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಮರುದಿನ ಮಾಲೀಕನ ಮುಂದೆ ನಿಂತು ಒಪ್ಪಿಕೊಂಡಳು. ಅವನು ತಲೆಯೆತ್ತಲೇ ಇಲ್ಲವಂತೆ. "ಬಿಡೀಮ್ಮಾ, ಆ ಮದುವೆನೂ ಆಗೋಯ್ತು. ನಾನು ಕ್ಷಮಿಸಿದೀನಿ, ಹೋಗಿ ಕೆಲಸ ನೋಡಿ." ಅತ್ತೆ ಉರಿಯುತ್ತಾ ಮನೆಗೆ ಬಂದಳು. "ಸುಟ್ಟಿದ್ದು ಅವಳ ಹೊಟ್ಟೆ, ಕ್ಷಮಿಸೋಕೆ ಇವನ್ಯಾರು?"

ಉದ್ದಕ್ಕನ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಒಂದೇ ಕೋಣೆ. ಮಂಚದ ಮೇಲೆ ಅವಳ ತಾಯಿ, ಮಗಳ ಕೆಲಸ ಹೋದ ವಾರವೇ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಮಂಚಕ್ಕೆ ಒತ್ತಿಕೊಂಡೇ ಮೇಜು, ಅದರ ಮೇಲೆ ಅಕ್ಕಪಕ್ಕದವರ ಬಟ್ಟೆಯ ರಾಶಿ. ಉದ್ದಕ್ಕ ಕೂತ್ಕೊಳ್ಳಿ ಎನ್ನಲಿಲ್ಲ, ಇಸ್ತ್ರಿ ನಿಲ್ಲಿಸಲೂ ಇಲ್ಲ. ಅತ್ತೆ ನಿಂತೇ ಎಲ್ಲ ಹೇಳಿದಳು. ಒಂದು ವಾಕ್ಯವನ್ನೂ ಬೈಬಲಿನಿಂದ ತರಲಿಲ್ಲ.

"ಕೆಲಸ ವಾಪಸ್ ಕೊಡಿಸ್ತೀನಿ."

"ಕೊಡಿಸಿ, ಅಮ್ಮನ್ನ ಯಾರು ನೋಡ್ಕೋತಾರೆ? ನೀವಾ?" ಉದ್ದಕ್ಕ ಅಣಕಿಸಿದಳು.

"ಹೂಂ. ನಾನೇ."

ಇಸ್ತ್ರಿ ಪೆಟ್ಟಿಗೆ ಆಗ ನಿಂತಿತು.

ಅಂಗಡಿಯಲ್ಲಿ ಹನ್ನೆರಡು ಮೇಜಿನವರ ಎದುರು ಅತ್ತೆ ಗಟ್ಟಿಯಾಗಿ ಹೇಳಿದಳು, ಗೌನು ಸುಟ್ಟದ್ದು ತಾನು ಎಂದು. ತಾನು ಬಿಟ್ಟುಹೋಗುವ ಮೇಜಿಗೇ ಉದ್ದಕ್ಕನನ್ನು ಕರೆಸಿಕೊಳ್ಳಿ ಎಂದಳು. "ನಿಮ್ಮಂಥ ಕೈ ಸಿಗಲ್ಲ" ಎಂದು ಮಾಲೀಕ ಗೋಗರೆದ. "ಸಿಗದಿದ್ರೇ ವಾಸಿ" ಎಂದು ಬಂದುಬಿಟ್ಟಳು. ಆ ಕೆಲಸವೇ ಅವಳ ಹೆಮ್ಮೆ ಎಂದು ನಮಗೆಲ್ಲ ಗೊತ್ತಿತ್ತು. ರಾತ್ರಿಯೂಟದಲ್ಲಿ ಅಪ್ಪ ಮೆಲ್ಲಗೆ, "ದೇವರು ಆಗ್ಲೇ ಕ್ಷಮಿಸಿರ್ತಾನೆ ಬಿಡಕ್ಕ" ಎಂದರು.

"ದೇವರ ಕೆಲಸ ದೇವರು ಮಾಡಿದ. ನನ್ನ ಕೆಲಸ ಬಾಕಿ ಇದೆ."

ದಿನಾ ಬೆಳಿಗ್ಗೆ ಎಂಟಕ್ಕೆ ಅತ್ತೆ ಉದ್ದಕ್ಕನ ಮನೆಯೊಳಗೆ ಕಾಲಿಟ್ಟರೆ, ಮತ್ತೆ ಕೆಲಸ ಸಿಕ್ಕಿದ ಉದ್ದಕ್ಕ ಮಾತಿಲ್ಲದೆ ಅಂಗಡಿಗೆ. ಮಾತ್ರೆಯ ಹೊತ್ತು ಬರೆದ ಚೀಟಿಯೊಂದು ಮೇಜಿನ ಮೇಲೆ. ಅತ್ತೆ ಉದ್ದಕ್ಕನ ತಾಯಿ ಆ ಅಜ್ಜಿಗೆ ಮೈ ಒರೆಸಿ, ಊಟ ಮಾಡಿಸಿ, ಹಾಸಿಗೆ ಬದಲಿಸುತ್ತಿದ್ದಳು. ಪ್ರಸಂಗದ ಸುದ್ದಿ ಎತ್ತಲಿಲ್ಲ. ಅಜ್ಜಿಗೆ ಮರೆವು. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ, "ನೀನ್ಯಾರಮ್ಮಾ?"

"ನಿಮ್ಮ ಮಗಳ ಕೆಲಸ ಕಳೆದೋಳು" ಎನ್ನುತ್ತಿದ್ದಳು ಅತ್ತೆ. ಬೇರೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

"ಹೌದಾ? ನಿಂತೇ ಇದ್ದೀಯಲ್ಲ, ಕೂತ್ಕೋ" ಎನ್ನುತ್ತಿದ್ದರು ಅಜ್ಜಿ.

ಐದು ತಿಂಗಳು ಹೀಗೇ ನಡೆಯಿತು. ಮನೆಯ ಪ್ರಾರ್ಥನೆಯಲ್ಲಿ ಆ ಸಾಲು ಇನ್ನೂ ಬಂದಿರಲಿಲ್ಲ. "ಉದ್ದಕ್ಕ ಮಾತಾಡೋವರೆಗೂ ಬಾಯಿಗೆ ಬರಲ್ಲ ಕಣೇ" ಎಂದಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ಎಂದಿನಂತೆ ಕೇಳಿದರು. ಅತ್ತೆ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಉದ್ದಕ್ಕ, ತಿರುಗಿಯೂ ನೋಡದೆ ಹೇಳಿದಳು, "ನಮ್ಮೋರೇ ಕಣಮ್ಮಾ."

ಅಂದು ಸಂಜೆ ಅತ್ತೆ ಇದನ್ನು ನಮಗೆ ಎರಡು ಸಲ ಹೇಳಿದಳು. ಆಮೇಲೆ ಪ್ರಾರ್ಥನೆಗೆ ಕೂತೆವು. ಅನ್ನದ ಸಾಲಾಯಿತು. ಮುಂದಿನದಕ್ಕೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ಅಪ್ಪನೂ ಆ ಸಾಲು ಹೇಳಿದೆವು, ಅತ್ತೆ ನಮ್ಮ ಹಿಂದೆಯೇ ಒಂದೊಂದು ಪದವನ್ನೂ ಹೇಳಿಕೊಂಡು ಬಂದಳು. ಮುಗಿಯುವ ಹೊತ್ತಿಗೆ ಊಟ ತಣ್ಣಗಾಗಿತ್ತು. ಹಾಗೇ ಬಡಿಸಿಕೊಂಡು ಉಂಡೆವು.