ಗಾಯದ ಅಂಚಿನಲ್ಲಿ ನಿಂತವು

ಆ ದಿನ ಬೆಳಿಗ್ಗೆಯೂ ಹಾಲು ಉಕ್ಕುವ ಮೊದಲೇ ಉರಿ ಸಣ್ಣ ಮಾಡಿ, ಚಹಾಕ್ಕೆ ಶುಂಠಿ ಜಜ್ಜಿ, ಪಕ್ಕದ ಒಲೆಯ ಮೇಲೆ ಗಾಯ ತೊಳೆಯುವ ನೀರಿಟ್ಟೆ. ದಾರ ಬಿಟ್ಟ ಅಂಚು ಒಳಗೆ ಹೋಗುವಂತೆ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಚಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕರವಸ್ತ್ರಕ್ಕೆ ಕಲಿಸಿದ ಮಡಿಕೆ ಅದು, ಕೈ ಇನ್ನೂ ಮರೆತಿಲ್ಲ.

ಯಜಮಾನರು ಬಾಲ್ಕನಿಯಲ್ಲಿ ಪಟ್ಟಿ ಬಿಚ್ಚಿ, ಬಲಗಾಲನ್ನು ಸ್ಟೂಲಿನ ಮೇಲೆ ಬಿಸಿಲಿಗೆ ಚಾಚಿ ಕೂತಿದ್ದರು. ದಿನಾಲೂ ಹಾಗೆಯೇ. ಅವರ ಮನೆತನದಲ್ಲಿ ಗಾಯಕ್ಕೆ ಗಾಳಿ ಆಡಬೇಕು, ಬಿಸಿಲು ಬೀಳಬೇಕು. ಅತ್ತೆಯವರು ಎಲ್ಲರ ತರಚಿದ ಮೊಣಕಾಲನ್ನೂ ಹೀಗೇ ವಾಸಿ ಮಾಡಿದವರು. ನಾನೂ ಬೇಡವೆನ್ನಲಿಲ್ಲ.

ಹೆಬ್ಬೆರಳ ಬುಡದ ಗಾಯ ಅದು. ಅವರು ಕೆಲಸ ಮಾಡುವ ಖಡಕಿಯ ಕಾರ್ಖಾನೆಯಲ್ಲಿ ಬೂಟಿನೊಳಗೆ ಹರಳೊಂದು ಹೊಕ್ಕಿದ್ದು ಅವರಿಗೆ ಸಂಜೆಯ ತನಕ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅಂಗಾಲಿನ ಸ್ಪರ್ಶವನ್ನು ಯಾವಾಗಲೋ ತಿಂದುಹಾಕಿತ್ತು. ಗಾಯದ ಅಂಚು ಒಳಗೆ ಸರಿಯದಿದ್ದರೆ ಬೆರಳು ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದರು. ಅದನ್ನು ನೋಡುವ ದಿನ ಅವತ್ತೇ.

ನಮ್ಮೊಡನೆ ಆಸ್ಪತ್ರೆಗೆ ಬರಲೆಂದು ನಾದಿನಿ ರಜೆ ಹಾಕಿದ್ದಳು. ಅವಳು ಪ್ರಯೋಗಶಾಲೆಯಲ್ಲಿ ಇಲಿಗಳೊಂದಿಗೆ ಕೆಲಸ ಮಾಡುವವಳು. ಇಲಿಯ ಮೈಯಲ್ಲಿರುವ ಒಂದು ಜೀನು ಜೀವಕೋಶಗಳಿಗೆ ಎದ್ದು ಹೊರಡುವ ಸೂಚನೆ ಮುಟ್ಟಿಸುತ್ತದಂತೆ. ಗಾಯವಾದಾಗ ಸುತ್ತಲಿನ ಕೋಶಗಳು ಆ ಸೂಚನೆ ಹಿಡಿದು ತೆವಳುತ್ತ ಬಂದು ತೆರೆದ ಜಾಗವನ್ನು ಮುಚ್ಚುತ್ತವೆ. ಆ ಜೀನನ್ನು ಪ್ರಯೋಗಶಾಲೆಯಲ್ಲಿ ಸುಮ್ಮನಾಗಿಸಿದರೆ ಏನಾಗುತ್ತದೆಂದು ಹಿಂದಿನ ಭಾನುವಾರ ಊಟಕ್ಕೆ ಕೂತಾಗ ಕೇಳಿದ್ದೆ.

"ಕೋಶ ಸಾಯೂದಿಲ್ಲ ವೈನಿ. ಅಂಚಿಗೆ ಬಂದು ನಿಂತಿರ್ತಾವ. ಮುಂದ ಹೋಗ್ರಿ ಅನ್ನೋ ಮಾತು ಅವಕ್ಕ ಮುಟ್ಟೂದಿಲ್ಲ, ಅಷ್ಟ."

ಅವಳು ಮೊಸರು ಕಲೆಸಿಕೊಂಡು ಉಂಡಳು. ಅಂದಿನಿಂದ ಗಾಯ ತೊಳೆಯುವಾಗಲೆಲ್ಲ ಅದರ ಬಿಳಿಚಿದ ಅಂಚನ್ನು ನೋಡುತ್ತಿದ್ದೆ. ಅಲ್ಲಿ ಎಷ್ಟೋ ಜೀವಗಳು ಸಾಲಾಗಿ ನಿಂತು, ಯಾರೂ ಕರೆಯದೆ ಕಾಯುತ್ತಿವೆ ಅನ್ನಿಸುತ್ತಿತ್ತು. ಒತ್ತಿ ಒರೆಸಿದರೂ ಯಜಮಾನರು ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ. ಅವರು ನೋವೆಂದು ಚೀರಿದ್ದರೆ ನನಗೆ ಅರ್ಧ ಧೈರ್ಯ ಬರುತ್ತಿತ್ತು.

ಆ ಬೆಳಿಗ್ಗೆ ನಾದಿನಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಬಾಲ್ಕನಿಯ ಬಾಗಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ಹಿಂಗ ಒಣಗಿಸಿದ್ರ ಗಾಯದ ಕೋಶಗಳು ಹ್ಯಾಂಗ ನಡೀಬೇಕು? ಅವಕ್ಕ ಹಸಿ ನೆಲ ಬೇಕು."

"ನನ್ನ ಕಾಲು ನಿನ್ನ ಇಲಿ ಅಲ್ಲವ್ವಾ," ಅಂದರು ಇವರು.

"ಇಲಿ ಆಗಿದ್ರ ಮಾತು ಕೇಳ್ತಿತ್ತು."

ಅವರಿಬ್ಬರೂ ನಕ್ಕರು. ನಾನು ಗಾಯ ತೊಳೆಯುವ ನೀರಿನ ತಟ್ಟೆಯನ್ನು ಸ್ಟೂಲಿನ ಪಕ್ಕ ಇಟ್ಟು ಕೂತೆ. ಇಷ್ಟು ದಿನ ರಾತ್ರಿಯೆಲ್ಲ ಅವು ಒಂದಿಷ್ಟು ಮುಂದೆ ಬಂದಿದ್ದರೆ, ಬೆಳಗಿನ ಬಿಸಿಲಲ್ಲಿ ನಾವೇ ಅವನ್ನು ಒಣಗಿಸಿದೆವೇನೋ. ಆಟೋದಲ್ಲಿ ಮೆಲ್ಲಗೆ ಕೇಳಿದೆ, ನಿನ್ನಣ್ಣನಲ್ಲೂ ಆ ಜೀನು ಸುಮ್ಮನಾಗಿದೆಯೇ ಎಂದು. ಹಾಗೆ ಹೇಳಲು ಬರುವುದಿಲ್ಲ, ಸಕ್ಕರೆ ಇದೆ, ರಕ್ತದ ಓಟ ಇದೆ, ಕಾರಣ ಹತ್ತಾರು ಎಂದಳು. ಆಮೇಲೆ, ಸಮಾಧಾನಕ್ಕೆಂದೇ ಇರಬೇಕು, ಇಲಿಯ ಗಾಯದೊಡನೆ ಹೋಲಿಸಿಕೊಳ್ಳಬೇಡ ಎಂದಳು: ಅದರ ಚರ್ಮ ಸಡಿಲ, ಎಳೆದುಕೊಂಡೇ ಬಹುಪಾಲು ಮುಚ್ಚಿಬಿಡುತ್ತದೆ, ಮನುಷ್ಯರಲ್ಲಿ ಕೋಶಗಳು ತೆವಳಿಯೇ ಬರಬೇಕು. ವಿಮಾನ ನಗರದ ಆಸ್ಪತ್ರೆಯ ಮುಂದೆ ಆಟೋ ನಿಂತಾಗ ಇವರ ಕಾಲನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದೆ.

ಡಾಕ್ಟರು ಪುಟ್ಟ ಅಳತೆಪಟ್ಟಿಯಿಟ್ಟು ಗಾಯ ಅಳೆದರು. ಅಂಚು ಇದ್ದಲ್ಲೇ ಇತ್ತು. ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಗುಲಾಬಿ ಬಣ್ಣವನ್ನು ಕಂಡಂತಾಗಿ ಬೆರಳು ತೋರಿಸಿದೆ. ಅವರು ಬಗ್ಗಿ ನೋಡಿ, ಇರಬಹುದು, ಇಲ್ಲದೆಯೂ ಇರಬಹುದು ಎಂದು ಮರಾಠಿಯಲ್ಲಿ ಹೇಳಿದರು. ಬಿಸಿಲಿನ ಸಂಗತಿ ನಾದಿನಿಯೇ ಹೇಳಿದಳು. ಇನ್ನೊಂದು ವಾರ ಮುಲಾಮು ಹಚ್ಚಿ ತೇವವಾಗಿ ಮುಚ್ಚಿಡಿ, ಕಾಲೂರಬೇಡಿ, ಆಮೇಲೆ ಬೆರಳಿನ ಮಾತು ಎಂದರು ಡಾಕ್ಟರು.

ಸಂಜೆ ಬಾಲ್ಕನಿಯ ಸ್ಟೂಲನ್ನು ಒಳಗೆ ತರುತ್ತಿದ್ದೆ. ತೆರೆದಿದ್ದ ಬಾಗಿಲಿನಿಂದ ಎದುರು ಮನೆಯ ಕಲಬುರಗಿಯ ಹೆಂಗಸು ಇಣುಕಿ, ಸೋಫಾದ ಮೇಲಿನ ಬಿಳಿ ಪಟ್ಟಿಯ ಕಾಲನ್ನು ನೋಡಿದರು.

"ನಮ್ಮ ಮಾವನೋರಿಗೂ ಬೆರಳಿಂದನ ಶುರು ಆಗಿತ್ರಿ, ಆಮ್ಯಾಲ ಕಾಲು ತೆಗದ್ರು," ಅಂದರು. "ನಿಮ್ಮ ನಳಕ್ಕ ನೀರು ಬಂತೇನು?"