ಮಾಳಿಗೆಯ ಮೇಲಿದ್ದವಳು

ಒಂದೇ ಒಂದು ಮಾತು ಹೇಳಿದ್ದರೆ ನನ್ನ ತಂಗಿ ನೀಲಾ ರಾಯಚೂರಿನ ಹೈಸ್ಕೂಲಿಗೆ ಹೋಗುತ್ತಿದ್ದಳು. ಆ ಮಾತು ನನಗೊಬ್ಬಳಿಗೇ ಗೊತ್ತಿತ್ತು. ನಾನು ಹೇಳಲಿಲ್ಲ. ಆಗ ನನಗೆ ಹದಿನಾಲ್ಕು, ಅವಳಿಗೆ ಹನ್ನೆರಡು. ಸಣ್ಣವಳಿದ್ದೆ, ತಿಳಿಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ತಿಳಿದಿತ್ತು.

ಎಪ್ಪತ್ತರ ದಶಕದ ದಿನಗಳು. ಕಾಲುವೆ ನೀರು ಬಂದು ನಮ್ಮ ಕಡೆ ಎಲ್ಲಿ ನೋಡಿದರೂ ಭತ್ತದ ಮಾತು. ಮಾನ್ವಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು, ಊರ ಹೊರಗೆ ಸಾವಕಾರರ ಅಕ್ಕಿ ಗಿರಣಿ. ಅಪ್ಪ ಅಲ್ಲಿ ಭತ್ತ ಕುದಿಸುವ ಬಾಯ್ಲರಿಗೆ ಹೊಟ್ಟು ಹಾಕಿ ಉರಿ ನೋಡಿಕೊಳ್ಳುತ್ತಿದ್ದ. ಗಿರಣಿಯ ಗೋಡೆಗೆ ಹತ್ತಿಕೊಂಡೇ ನಮ್ಮ ಎರಡು ಕೋಣೆಯ ಮನೆ. ಕುದ್ದ ಭತ್ತದ ವಾಸನೆ ನಮ್ಮ ಹಾಸಿಗೆಯಲ್ಲೂ ಇರುತ್ತಿತ್ತು, ರೊಟ್ಟಿಯಲ್ಲೂ ಇರುತ್ತಿತ್ತು. ತಲೆ ಬಾಚಿದರೆ ಹೊಟ್ಟು ಉದುರುತ್ತಿತ್ತು.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಅವ್ವನಿಗೆ ಕೈಗೊಬ್ಬರು ಬೇಕಿತ್ತು, ದೊಡ್ಡವಳೆಂದು ನನ್ನನ್ನು ಇಟ್ಟುಕೊಂಡಳು. ನೀಲಾ ಶಾಲೆಯಲ್ಲಿ ಉಳಿದಳು. ಉಳಿದಳಷ್ಟೇ ಅಲ್ಲ, ಬೆಳೆದಳು.

ಸಾವಕಾರರ ಹೆಂಡತಿ ಸಾವಕಾರ್ತಿಗೆ ವಾರಪತ್ರಿಕೆ ಓದುವ ರೂಢಿ. ಅದರ ಕಡೆಯ ಪುಟದಲ್ಲಿ ಒಂದು ಒಗಟು ಬರುತ್ತಿತ್ತು. ಸಾಮಾನ್ಯ ಒಗಟಲ್ಲ. ನಾಲ್ಕು ಮಂದಿ ಹೆಂಗಸರು, ನಾಲ್ಕು ಬಣ್ಣದ ಸೀರೆ, ನಾಲ್ಕು ಊರು. ಯಾರ ಸೀರೆ ಯಾವುದು, ಯಾರ ಊರು ಯಾವುದು ಎಂದು ಹೇಳಬೇಕು. ನೇರವಾಗಿ ಏನೂ ಹೇಳುತ್ತಿರಲಿಲ್ಲ, ಬರೀ ಸುಳಿವು ಕೊಡುತ್ತಿದ್ದರು. ಹಸಿರು ಸೀರೆಯವಳು ಇಂಥ ಊರಿನವಳಲ್ಲ, ಇಂಥ ಊರಿನವಳು ಕೆಂಪು ಉಟ್ಟಿಲ್ಲ, ಹೀಗೆ. ಪತ್ರಿಕೆಯಲ್ಲಿದ್ದ ಊರಿನ ಹೆಸರು ತೆಗೆದು ನೀಲಾ ನಮ್ಮ ಮಟಮಾರಿ, ಚಂದ್ರಬಂಡ, ಬಾಗಲವಾಡ ಎಂದೆಲ್ಲ ಹಾಕಿಕೊಳ್ಳುತ್ತಿದ್ದಳು. ಭತ್ತ ಒಣಗಿಸುವ ಗಚ್ಚಿನ ಅಂಗಳದಲ್ಲಿ ಇಟ್ಟಿಗೆ ಚೂರಿನಿಂದ ಚೌಕ ಎಳೆದು, ಮನೆ ಮನೆ ಮಾಡಿ, ‘ಅಲ್ಲ’ ಎನ್ನುವಲ್ಲಿ ಜೋಳದ ಕಾಳು, ‘ಹೌದು’ ಎನ್ನುವಲ್ಲಿ ಹುಣಸೆ ಬೀಜ ಇಡುತ್ತಿದ್ದಳು.

“ಬರೇ ಅಲ್ಲ ಅಲ್ಲ ಅಂತ ಕಾಳು ಇಟಗೊಂಡು ಕುಂತ್ರ ಏನು ಸಿಗ್ತದಲೇ? ಕೋಳಿ ಬಂದು ತಿಂತಾವ ನೋಡು” ಎಂದು ನಾನು ಕಾಡುತ್ತಿದ್ದೆ.

“ಮೂರು ಅಲ್ಲ ಕೂಡಿದ್ರ ಒಂದು ಹೌದು ಹುಟ್ತದಕ್ಕಾ” ಎನ್ನುತ್ತಿದ್ದಳು, ತಲೆ ಎತ್ತದೆ. “ನೀನೂ ಬಾ. ಬಾಳ ಸರಳ ಅದ.”

ನಾನು ಹೋಗುತ್ತಿರಲಿಲ್ಲ. ಕಸ ಬಳಿಯುವುದಿತ್ತು. ಕಸ ಬಳಿಯುವುದು ಇಲ್ಲದಿದ್ದರೂ ಹೋಗುತ್ತಿರಲಿಲ್ಲ.

ಉತ್ತರ ಸಿಕ್ಕ ಕೂಡಲೇ ಅವಳು ಸಾವಕಾರ್ತಿಯ ಮನೆಗೆ ಓಡುತ್ತಿದ್ದಳು. ಅವರು ಅವಳನ್ನು ನಡುಮನೆಗೆ ಕರೆದು, ಪಕ್ಕದಲ್ಲಿ ಕೂಡಿಸಿಕೊಂಡು, ಹಿಂದಿನ ವಾರದ ಪತ್ರಿಕೆಯನ್ನು ಅವಳಿಗೇ ಕೊಡುತ್ತಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತು ಹೊಟ್ಟಿನ ಬುಟ್ಟಿ ಇಳಿಸಿ ಬರುತ್ತಿದ್ದೆ. ಶಾಲೆಯ ಮಾಸ್ತರರು, “ಈ ಹುಡುಗಿ ಏಳನೇತ್ತೆಗೆ ನಿಂದ್ರಬಾರದು, ರಾಯಚೂರಾಗ ಓದಬೇಕು” ಎಂದು ಅಪ್ಪನ ಬೆನ್ನು ಹತ್ತಿದ್ದರು. ನಮ್ಮ ಸೋದರತ್ತೆಯ ಮನೆ ರಾಯಚೂರಿನಲ್ಲೇ ಇತ್ತು. ಅಪ್ಪ ಒಪ್ಪಿದ್ದ. ಜೂನ್ ತಿಂಗಳಿಗೆ ಎಂದು ಗೊತ್ತಾಗಿತ್ತು.

ಆ ಬೇಸಿಗೆಯಲ್ಲಿ ಸಾವಕಾರ್ತಿಯ ಮನೆಯಲ್ಲಿ ಶ್ಯಾವಿಗೆ ಹೊಸೆಯುವುದಿತ್ತು. ವರ್ಷಕ್ಕಾಗುವಷ್ಟು ಒಂದೇ ದಿನ. ಅಂಗಳದಲ್ಲಿ ಮಣೆ ಇಟ್ಟುಕೊಂಡು ಅವ್ವ ಮತ್ತು ಓಣಿಯ ಹೆಂಗಸರು ಹೊಸೆಯುವುದು, ನೀಲಾ ಹಿಟ್ಟಿನ ಉಂಡೆ ಮಾಡಿ ಕೊಡುವುದು, ಸಾವಕಾರ್ತಿಯ ಮಗಳು ಗಿರಿಜಾ ಅಡುಗೆಮನೆಯಲ್ಲಿ ತನ್ನ ಅಜ್ಜಿಯ ಜೊತೆ ಬೆಲ್ಲ ಕುಟ್ಟುವುದು. ನನ್ನನ್ನು ಮಾಳಿಗೆಗೆ ಅಟ್ಟಿದರು, ಒಣ ಹಾಕಿದ ಶ್ಯಾವಿಗೆಗೆ ಕಾಗೆ ಮುಟ್ಟದಂತೆ ಕಾಯಲು. ಮಾನ್ವಿಯಿಂದ ಬಳೆಗಾರ್ತಿ ಖಾಜಾಬಿ ಬಂದಿದ್ದಳು, ಜೊತೆಗೆ ಮಗಳು ಮಾಬಿ. ಮಾಬಿಗೂ ನನಗೂ ಓರಗೆ. ಅಪ್ಪ ಖಾಜಾಬಿಯನ್ನು ತಂಗಿ ಎನ್ನುತ್ತಿದ್ದ. ನಮ್ಮ ಕೈಯ ಮೊದಲ ಬಳೆ ಅವಳೇ ಇಟ್ಟದ್ದು.

ಮಾಳಿಗೆಯ ಮೇಲೆ ಕಾಲು ಸುಡುತ್ತಿತ್ತು. ಕೆಳಗಿನಿಂದ ನೀಲಾಳನ್ನು ಹೊಗಳುವ ಮಾತು, ನಗು ಕೇಳುತ್ತಿತ್ತು. ಮೆಟ್ಟಿಲ ಬುಡದಲ್ಲಿ ಆಡುತ್ತಿದ್ದ ಮಾಬಿಯನ್ನು ಕರೆದೆ.

“ಮಾಬಿ, ಒಂದು ಸ್ವಲ್ಪ ಕುಂದ್ರು. ನೀರು ಕುಡದು ಬರ್ತೀನಿ.”

“ಜಲ್ದಿ ಬಾ ಮತ್ತ. ನಾ ನಿನ್ನ ಕಾಗಿ ಕಾಯಾಕ ಬಂದಿಲ್ಲ” ಎಂದು ನಗುತ್ತ ಹತ್ತಿದಳು.

ನಾನು ಜಲ್ದಿ ತಿರುಗಿ ಹೋಗಲಿಲ್ಲ. ಹಿತ್ತಲಿನಿಂದ ಒಳಗೆ ಬಂದೆ. ದೇವರ ಕೋಣೆ ತೆರೆದಿತ್ತು. ನಾನು ಎಂದೂ ಕಾಲಿಡದ ಕೋಣೆ. ಒಳಗೆ ಬೆಳ್ಳಿಯ ಕುಂಕುಮ ಭರಣಿ, ಮುಚ್ಚಳದ ಮೇಲೆ ಹೆಬ್ಬೆರಳಷ್ಟು ನವಿಲು. ಕೈಗೆತ್ತಿಕೊಂಡು ಒಂದು ಬೊಟ್ಟು ಇಟ್ಟುಕೊಂಡೆ. ನಡುಮನೆಯಲ್ಲಿ ಯಾರೋ ಬಂದ ಸದ್ದಾಯಿತು, ಕೈ ಜಾರಿತು. ನವಿಲು ಮುರಿದು ಬೇರೆ ಬಿತ್ತು.

ಭರಣಿ, ನವಿಲು ಎರಡನ್ನೂ ಉಡಿಯಲ್ಲಿ ಕಟ್ಟಿಕೊಂಡು ಗಿರಣಿಯ ಹಿಂದಕ್ಕೆ ಓಡಿ ಹೊಟ್ಟಿನ ಗುಡ್ಡೆಯಲ್ಲಿ ಮೊಳಕೈತನಕ ಹುಗಿದೆ. ಹಣೆಯ ಕುಂಕುಮ ಉಜ್ಜಿ ತೆಗೆದೆ. ಆಮೇಲೆ ತೆಗೆದು ಏನಾದರೂ ಮಾಡಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ತುಪ್ಪ ಸಕ್ಕರೆ ಹಾಕಿದ ಶ್ಯಾವಿಗೆ ಬಡಿಸಿದ್ದರು. ಊಟ ಮುಗಿಸಿ ಹೋಗಿ ನೋಡಿದರೆ ಗುಡ್ಡೆಯ ಆ ಬದಿ ಇರಲೇ ಇಲ್ಲ. ಅಪ್ಪ ಅದನ್ನು ಬಾಯ್ಲರಿಗೆ ಹಾಕಿಬಿಟ್ಟಿದ್ದ.

ದೀಪ ಹಚ್ಚುವ ಹೊತ್ತಿಗೆ ಭರಣಿ ಇಲ್ಲದ್ದು ಗೊತ್ತಾಯಿತು. ಖಾಜಾಬಿ ಇನ್ನೂ ಅಂಗಳದಲ್ಲಿ ಬಳೆ ಇಡುತ್ತಿದ್ದಳು. ಸಾವಕಾರ್ತಿ ಮೊದಲು ಸಿಟ್ಟು ಮಾಡಲಿಲ್ಲ. “ನೀಲಾ, ನಿನ್ನ ಚೌಕದಾಗ ಹಾಕಿ ನೋಡಬೇ. ಭರಣಿ ಯಾರ ಉಡ್ಯಾಗ ಅದ ಹೇಳಲಿ” ಎಂದರು. ಅರ್ಧ ನಗೆಯಲ್ಲೇ ಅಂದದ್ದು.

ನೀಲಾ ನಗೆಯೆಂದು ತಿಳಿಯಲಿಲ್ಲ. ಅಂಗಳದಲ್ಲಿ ಚೌಕ ಎಳೆದಳು. ಬಂದ ಹೆಂಗಸರೆಲ್ಲ ಅಂಗಳದಲ್ಲಿ ಒಬ್ಬರ ಕಣ್ಣೆದುರಿಗೊಬ್ಬರು ಇದ್ದವರು, ಉಳಿದದ್ದು ನಾಲ್ಕು ಹುಡುಗಿಯರು, ನಾಲ್ಕು ಜಾಗ: ಅಂಗಳ, ಅಡುಗೆಮನೆ, ಮಾಳಿಗೆ, ದೇವರ ಕೋಣೆ. “ನನ್ನನ್ನೂ ಹಾಕಬೇಕು, ಇಲ್ಲಂದ್ರ ಮೋಸ ಆಗ್ತದ” ಎಂದು ತನ್ನನ್ನೂ ಸೇರಿಸಿಕೊಂಡಳು. ತಾನು ಅಂಗಳದಿಂದ ಏಳಲಿಲ್ಲ, ಅವ್ವ ನೋಡಿದ್ದಾಳೆ. ಗಿರಿಜಾ ಅಡುಗೆಮನೆ ಬಿಡಲಿಲ್ಲ, ಅಜ್ಜಿ ನೋಡಿದ್ದಾಳೆ. ಉಳಿದದ್ದು ನಾನು ಮತ್ತು ಮಾಬಿ, ಮಾಳಿಗೆ ಮತ್ತು ದೇವರ ಕೋಣೆ. ದೇವರ ಕೋಣೆ ತೆರೆದಿದ್ದದ್ದು ಊಟದ ತನಕ ಮಾತ್ರ. ಮಾಳಿಗೆಯಿಂದ ಕಾಗೆ ಓಡಿಸುವ ಹುಶ್ ಹುಶ್ ಸದ್ದು ಊಟದ ತನಕ ನಿಂತಿಲ್ಲ, ಎಲ್ಲರೂ ಕೇಳಿದ್ದಾರೆ. ಮೇಲಿದ್ದವಳು ಇಳಿದಿಲ್ಲ.

“ಅಕ್ಕಾ, ಮ್ಯಾಲ ನೀನೇ ಇದ್ದಿ, ಹೌದಿಲ್ಲೊ?”

“ಹೂಂ.”

“ನೀ ಇಳದಿ!” ಎಂದಳು ಮಾಬಿ. “ನೀರು ಕುಡದು ಬರ್ತೀನಿ ಅಂತ ನನ್ನ ಕುಂದ್ರಿಸಿ ಹೋದಿ!” ತಾಯಿಯ ಕಡೆ ತಿರುಗಿ, ತಾನು ಮೇಲೇ ಇದ್ದೆ ಎಂದು ಅವರ ಮಾತಿನಲ್ಲಿ ಹೇಳಿದಳು: “ಮೈ ಊಪರಿಚ್ ಥೀ ಅಮ್ಮಾ.”

“ನಾ ಇಳದೇ ಇಲ್ಲ” ಎಂದೆ ನಾನು.

ನೀಲಾ ನನ್ನ ಮುಖ ನೋಡಿದಳು, ಮಾಬಿಯ ಮುಖ ನೋಡಿದಳು. “ನಮ್ಮಕ್ಕ ಸುಳ್ಳು ಹೇಳಾಂಗಿಲ್ಲ. ಅದೇ ಮೊದಲನೇ ಸುಳಿವು” ಎಂದು ಹುಣಸೆ ಬೀಜವನ್ನು ನನ್ನ ಹೆಸರಿನ ಮುಂದೆ, ಮಾಳಿಗೆಯ ಮನೆಯಲ್ಲಿ ಇಟ್ಟಳು. ಉಳಿದದ್ದು ತಾನಾಗಿಯೇ ತುಂಬಿತು. ಕಡೆಯ ಬೀಜ ಮಾಬಿಯ ಮುಂದೆ ಬಿತ್ತು. ಉತ್ತರ ಸಿಕ್ಕಾಗ ಅವಳ ಮುಖದಲ್ಲಿ ಯಾವಾಗಲೂ ಬರುತ್ತಿದ್ದ ಬೆಳಕು ಆಗಲೂ ಬಂತು. ಒಂದು ಕ್ಷಣ. ಮಾಬಿ ಅಳುವುದನ್ನು ಕಂಡ ಮೇಲೆ ಆರಿತು.

ಖಾಜಾಬಿ ಎದ್ದು ಬುಟ್ಟಿ ಕಟ್ಟಿದಳು. “ನನ್ ಮಗಳು ಕಳ್ಳಿ ಅಲ್ರೀ ಅವ್ವಾರ” ಎಂದಳು. ನೀಲಾಳಿಗೆ, “ನಿಂಗ ಬಳಿ ಇಟ್ಟ ಕೈ ಇದು, ಬೇಟಾ” ಎಂದಳು. ಮಗಳ ಕೈ ಹಿಡಿದು ಹೊರಟುಹೋದಳು.

ಮೂರನೆಯ ದಿನ ಬಾಯ್ಲರಿನ ಬೂದಿ ಎಳೆಯುವಾಗ ಅಪ್ಪನಿಗೆ ಕಪ್ಪಾದ, ನವಿಲು ಮುರಿದ ಭರಣಿ ಸಿಕ್ಕಿತು. ಸಾವಕಾರ್ತಿ ಅದನ್ನು ತಿರುಗಿಸಿ ನೋಡಿ, “ಕಳವು ಮಾಡೋರು ಬೆಳ್ಳಿ ಸುಡ್ತಾರೇನು? ಆ ಬಳೆಗಾರ ಹುಡುಗಿ ಗಿರಣಿ ಹಿಂದ ಹೋಗೇ ಇಲ್ಲ. ಯಾವುದೋ ಮನಿ ಕೂಸು ಮುರದು ಮುಚ್ಚೇದ, ಬಿಡ್ರಿ” ಎಂದರು. ತಮ್ಮ ಗಿರಿಜಾಳ ಮೇಲೆ ಅವರಿಗೆ ಅನುಮಾನ ಬಂದಿರಬೇಕು. ಮುಂದೆ ವಿಚಾರಿಸಲಿಲ್ಲ.

ಅಪ್ಪ ಬಿಡಲಿಲ್ಲ. ಕೂಸು ಯಾವುದೆಂದು ಅವನಿಗೆ ಬೇಕಿರಲಿಲ್ಲ, ತಂಗಿ ಎಂದು ಕರೆದವಳ ಮಗಳಿಗೆ ತನ್ನ ಮಗಳು ಕಳ್ಳಿಯ ಹೆಸರು ಹಚ್ಚಿದಳು ಎನ್ನುವುದೇ ಸುಡುತ್ತಿತ್ತು. ನೀಲಾಳನ್ನು ಮಾನ್ವಿಗೆ ಕರೆದುಕೊಂಡು ಹೋಗಿ ಖಾಜಾಬಿಯ ಕಾಲು ಹಿಡಿಸಿ ಬಂದ. ಮರುದಿನ ಮಾಸ್ತರರು ಶಾಲೆಯ ಕಾಗದ ತಂದರೆ, “ಸಾಕ್ರೀ ಮಾಸ್ತರ. ಇಷ್ಟು ಕಲ್ತದ್ದಕ್ಕ ಒಂದು ಮನಿ ಮಾನ ಕಳದಾಳ. ಇನ್ನ ಕಲ್ತರ ಊರ ಮಾನ ಕಳೀತಾಳ” ಎಂದ.

“ಹುಡುಗಿ ಶಾಣ್ಯಾ ಅದಾಳಪ್ಪಾ” ಎಂದು ಅವರು ಎರಡು ಸಲ ಹೇಳಿದರು.

“ಆ ಶಾಣ್ಯಾತನ ನಮಗ ಬ್ಯಾಡ್ರೀ.”

ನಾನು ಬಾಗಿಲ ಹಿಂದೆ ಇದ್ದೆ. ನೀಲಾಳೂ ಅಲ್ಲೇ ಇದ್ದಳು, ನನ್ನ ಸೆರಗು ಹಿಡಿದು. ಆಗ ಹೊರಗೆ ಬಂದು ಹೇಳಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಅಪ್ಪನ ಹೆದರಿಕೆ ಇತ್ತು ನಿಜ. ಅದರ ಕೆಳಗೆ ಇನ್ನೊಂದಿತ್ತು. ಇನ್ನು ಇವಳೂ ನನ್ನ ಹಾಗೆ ಮನೆಯಲ್ಲೇ ಇರುತ್ತಾಳೆ ಎಂಬ ಒಂದು ಸಣ್ಣ ಸಂತೋಷ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವತ್ತು ಸಂಜೆ ನೀಲಾ ಅದೇ ಚೌಕವನ್ನು ಮತ್ತೆ ಎಳೆದಳು. ಕಾಳು ಇಟ್ಟಳು, ತೆಗೆದಳು. ಅವ್ವನ ಮಾತನ್ನು ಬೇರೆ ಮಾಡಿ ನೋಡಿದಳು, ಅಜ್ಜಿಯ ಮಾತನ್ನು ಬೇರೆ ಮಾಡಿ ನೋಡಿದಳು. ಒಂದು ಬೀಜವನ್ನು ಮಾತ್ರ ಮುಟ್ಟಲಿಲ್ಲ. ಕಡೆಗೆ ನನ್ನ ಹತ್ತಿರ ಬಂದಳು.

“ಅಕ್ಕಾ, ಸಿಟ್ಟಾಗಬ್ಯಾಡ. ಇನ್ನೊಂದು ಸಲ ಕೇಳ್ತೀನಿ. ಖರೇನ ನೀ ಮ್ಯಾಲ ಇದ್ದಿ?”

“ಎಷ್ಟು ಸಲ ಹೇಳಬೇಕಲೇ ನಿನಗ? ಇದ್ದೆ.”

“ಹಂಗಾದ್ರ ನನ್ನ ತಲ್ಯಾಗೇ ಏನೋ ಕೆಟ್ಟದ” ಎಂದಳು. ಅಳಲಿಲ್ಲ. ಕಾಳೆಲ್ಲ ಬಳಿದು ಕೋಳಿಗೆ ಚೆಲ್ಲಿದಳು. ಮುಂದಿನ ವಾರ ಸಾವಕಾರ್ತಿ ಪತ್ರಿಕೆ ಕೊಟ್ಟು ಕಳಿಸಿದರೆ, ಅದರ ಮೇಲೆ ಮೆಣಸಿನಕಾಯಿ ಒಣ ಹಾಕಿದಳು.

ಹದಿನಾರಕ್ಕೆ ಅವಳನ್ನು ದೇವದುರ್ಗಕ್ಕೆ ಕೊಟ್ಟರು. ಅವಳ ಹಿಂದೆ ಉಳಿದ ಹಳೆಯ ಪತ್ರಿಕೆಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿಯೇ ನಾನು ಇಷ್ಟು ಬರೆಯುವಷ್ಟಾದದ್ದು. ಅದೂ ಅವಳದೇ. ಈಗ ಆ ಗಿರಣಿ ಇಲ್ಲ. ಅಪ್ಪ, ಅವ್ವ, ಸಾವಕಾರ್ತಿ, ಖಾಜಾಬಿ ಇಲ್ಲ. ಶ್ಯಾವಿಗೆ ಅಂಗಡಿಯಲ್ಲಿ ಸಿಗುತ್ತದೆ. ಹೋದವರು ಹೋದರು, ಅದು ಎಲ್ಲರಿಗೂ ಇದ್ದದ್ದೇ. ಆದರೆ ಜಗತ್ತಿನಲ್ಲಿ ಯಾವುದೂ ತನಗೆ ಬಿಡಿಸಲಾರದ್ದಲ್ಲ ಎಂದು ಇಟ್ಟಿಗೆ ಚೂರು ಹಿಡಿದು ಕೂತ ಒಬ್ಬ ಹುಡುಗಿ ಇದ್ದಳಲ್ಲ, ಅವಳು ತಾನಾಗಿ ಹೋದವಳಲ್ಲ.

ಹೋದ ವರ್ಷ ದೇವದುರ್ಗಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳ ಮಗ ಬಸು ತನ್ನ ಮಗಳನ್ನು ಊರಲ್ಲೇ ಓದಿಸುವುದೋ ರಾಯಚೂರಿಗೆ ಕಳಿಸುವುದೋ ಎಂದು ಯೋಚಿಸುತ್ತಿದ್ದ. “ಯವ್ವಾ, ನೀ ಏನಂತಿ?” ಎಂದು ಕೇಳಿದ.

“ನನ್ನ ಕೇಳಬ್ಯಾಡಪ್ಪಾ” ಎಂದಳು ನೀಲಾ, ರೊಟ್ಟಿ ಮುರಿಯುತ್ತ. “ನನ್ನ ಲೆಕ್ಕ ತಪ್ಪತಾವ. ಸಣ್ಣಾಕಿ ಇದ್ದಾಗಿಂದ ಹಂಗ. ದೊಡ್ಡವ್ವನ ಕೇಳು, ಆಕಿ ಖರೇ ಹೇಳ್ತಾಳ.”

ಕೈಯ ತುತ್ತನ್ನು ತಾಟಿಗೆ ಇಳಿಸಿದೆ. ಬಸು ನನ್ನ ಮುಖ ನೋಡುತ್ತಿದ್ದ. ಸೊಸೆ ಪಲ್ಯದ ಬೋಗುಣಿ ಹಿಡಿದು ನಿಂತಿದ್ದಳು. ಎಲ್ಲರ ಎದುರಿಗೇ ಹೇಳಿದೆ, ಒಳಗೆ ಕರೆದು ಹೇಳಿದರೆ ಮತ್ತೆ ಬಾಯಿ ಮುಚ್ಚೀತೆಂದು.

“ನೀಲಾ, ಅವತ್ತು ಮಾಳಿಗಿ ಮ್ಯಾಲ ನಾ ಇರಲಿಲ್ಲ. ಮಾಬಿ ಹೇಳಿದ್ದು ಖರೇ. ಭರಣಿ ಮುರದಾಕಿ ನಾನು, ಹೊಟ್ಟಿನಾಗ ಹುಗದಾಕಿ ನಾನು. ನೀ ಎರಡು ಸಲ ಕೇಳಿದಿ, ಎರಡೂ ಸಲ ಸುಳ್ಳು ಹೇಳೀನಿ. ಮಾಬಿ ಮುಂದೂ ಹೋಗಿ ಹೇಳ್ತೀನಿ. ನಿನ್ನ ಲೆಕ್ಕ ತಪ್ಪಿರಲಿಲ್ಲವ್ವಾ, ನಿನ್ನ ತಲ್ಯಾಗ ಏನೂ ಕೆಟ್ಟಿರಲಿಲ್ಲ. ನನ್ನ ನಂಬಿದಿ, ಅಷ್ಟ. ನನ್ನ ತಪ್ಪಾತು. ಕ್ಷಮಾ ಮಾಡು.”