ಕೆಂಪಿ ಬಿಟ್ಟ ಮಾತ್ರೆ

ಕಟ್ಟಬೆಟ್ಟಿನಿಂದ ಕೆಳಗಿಳಿಯುವ ದಾರಿಯಲ್ಲಿರುವ ಹಟ್ಟಿಯವಳು ಕೆಂಪಿ. ಹೊಲ ಅಂತ ಇದ್ದದ್ದು ಒಂದು ಸಣ್ಣ ಇಳಿಜಾರು ತುಂಡು, ಅದರ ತುಂಬ ಚಹಾಗಿಡ. ಗಂಡ ಹಾಲನ್ ಗೊಬ್ಬರ, ಔಷಧಿ, ಗಿಡ ಸವರುವುದು ನೋಡಿಕೊಂಡರೆ ಎಲೆ ಕೀಳುವುದು ಪೂರ್ತಿ ಅವಳದೇ. ಬೆನ್ನಿಗೆ ಚೀಲ ಕಟ್ಟಿಕೊಂಡು ಸಾಲಿಗೆ ನಿಂತರೆ ಎರಡು ಕೈಯೂ ಒಂದೇ ವೇಗದಲ್ಲಿ ಓಡುತ್ತಿದ್ದವು. ಅವಳ ಎಲೆಯಲ್ಲಿ ಕಡ್ಡಿ ಇರುವುದಿಲ್ಲ ಅಂತ ಎಲೆ ಕೊಳ್ಳುವ ಲೀಫ್ ಶೆಡ್ಡಿನವರು ಚೀಲ ಬಿಚ್ಚಿ ನೋಡದೆಯೇ ತೂಕಕ್ಕೆ ಹಾಕುತ್ತಿದ್ದರು.

ಮಗಳು ಜೀವಿತಾ ಕಾಲೇಜು ಸೇರಿದ ವರ್ಷ ಆ ಕೈಗಳಿಗೆ ಕಾಯಿಲೆ ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲೂ ಬಿಚ್ಚಲೂ ಆಗುತ್ತಿರಲಿಲ್ಲ. ಗಂಟುಗಳು ಕೆಂಪಾಗಿ ಊದಿಕೊಳ್ಳುತ್ತಿದ್ದವು. ಚಳಿಗೆ ಹಾಗಾಗುತ್ತದೆ ಅಂತ ಒಲೆಯ ಮುಂದೆ ಕೂತು ಕಾಯಿಸಿಕೊಂಡಳು, ಎಣ್ಣೆ ಹಚ್ಚಿದಳು. ಕೊನೆಗೆ ಸೀರೆಯ ನೆರಿಗೆ ಹಿಡಿಯಲೂ ಆಗದೆ ಹೋದಾಗ ಹಾಲನ್ ಅವಳನ್ನು ಕೂನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೀಲುವಾತ ಅಂದರು. ದಿನಾ ನುಂಗಬೇಕಾದ ಸಣ್ಣ ಬಿಳಿ ಮಾತ್ರೆ ಕೊಟ್ಟರು. ಇದನ್ನು ನಿಮ್ಮಷ್ಟಕ್ಕೆ ನೀವೇ ಯಾವತ್ತೂ ನಿಲ್ಲಿಸಬೇಡಿ ಅಂತ ಡಾಕ್ಟರಮ್ಮ ಎರಡು ಸಲ ಹೇಳಿದರು.

ಮಾತ್ರೆಯಿಂದ ಬೆರಳು ಸಡಿಲವಾದವು. ಕೆಂಪಿ ಮತ್ತೆ ತೋಟಕ್ಕೆ ಇಳಿದಳು. ಆದರೆ ಕೈಯನ್ನು ಮರಳಿ ಕೊಟ್ಟ ಮಾತ್ರೆಯೇ ಮೈಯನ್ನು ಬೇರೆ ಮಾಡಿತು. ಮುಖ ಗುಂಡಗಾಯಿತು, ಹೊಟ್ಟೆ, ಹೆಗಲು ತುಂಬಿಕೊಂಡವು. ಬಳೆ ಮಣಿಕಟ್ಟಿಗೆ ಬಿಗಿಯಾಗಿ, ಸೋಪು ಹಚ್ಚಿ ತೆಗೆದು ಇಟ್ಟುಬಿಟ್ಟಳು. ಸಾವಿನ ಮನೆಯಲ್ಲೋ ಮದುವೆಯಲ್ಲೋ ಸಿಕ್ಕ ನೆಂಟರು, ಹಾಲನ್ ಚೆನ್ನಾಗಿ ಸಾಕುತ್ತಿದ್ದಾನೆ ಅನ್ನುತ್ತಿದ್ದರು. ಅವಳು ನಗುತ್ತಿದ್ದಳು. ಅವಳ ಊಟ ಮೊದಲಿಗಿಂತ ಕಡಿಮೆಯಾಗಿತ್ತು ಅನ್ನುವುದು ಮನೆಯವರಿಗೆ ಮಾತ್ರ ಗೊತ್ತಿತ್ತು.

ಕಾಲೇಜು ಮುಗಿಸಿದ ಜೀವಿತಾಳಿಗೆ ಕೋತಗಿರಿ ಕಡೆಯ ಹಟ್ಟಿಯೊಂದರಲ್ಲಿ ಗಂಡು ಗೊತ್ತಾಯಿತು. ಮದುವೆಗೆ ಎರಡು ತಿಂಗಳಿರುವಾಗ ತಾಯಿ ಮಗಳು ಬಟ್ಟೆ ತೆಗೆಯಲು ಕೂನೂರಿಗೆ ಹೋದರು. ಅಂಗಡಿ ಅಂಗಡಿ ಹತ್ತಿ ಇಳಿದು ಕೆಲಸ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದ ಹೋಟೆಲಿಗೆ ಹೋಗೋಣ ಅಂದವಳು ಜೀವಿತಾ. ಕೆಂಪಿಗೆ ಮನಸ್ಸಿರಲಿಲ್ಲ, ಆದರೂ ಮದುವೆಯಾಗಿ ಹೋಗುವ ಹುಡುಗಿಯ ಆಸೆ ಅಂತ ಒಪ್ಪಿದಳು.

ಒಳಗೆ ಗೋಡೆಗೆಲ್ಲ ಕನ್ನಡಿ ಹಾಕಿದ್ದರು. ಪ್ರವಾಸಿಗರು ತುಂಬಿದ್ದರು. ಕುರ್ಚಿಗಳ ಕಾಲು ಸಣ್ಣಗೆ, ಕಡ್ಡಿಯ ಹಾಗಿತ್ತು. ಕೆಂಪಿ ಒಂದನ್ನು ಎಳೆದು ಕೂರಬೇಕು, ಅಷ್ಟರಲ್ಲಿ ಬಡಿಸುವವನು ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡ. ಮುರಳೀಧರನ್ ಅಂತ ಅವನ ಅಂಗಿಯ ಮೇಲೆ ಹೆಸರಿತ್ತು. ಮೂವತ್ತರ ಆಸುಪಾಸಿನವನು, ನಗುಮುಖದವನು.

"ಅಕ್ಕಾ, ಇದು ತಡೆಯಲ್ಲ. ಆ ಕಡೆ ಗೋಡೆ ಹತ್ತಿರ ಬೆಂಚಿದೆ, ಅಲ್ಲಿ ಕೂತ್ಕೊಳ್ಳಿ," ಅಂದ ತಮಿಳಿನಲ್ಲಿ.

ಪಕ್ಕದ ಮೇಜಿನವರು ತಿರುಗಿ ನೋಡಿದರು. ಕೆಂಪಿ ಬೆಂಚಿಗೆ ಹೋಗಿ ಕೂತಳು. ಎದುರಿಗೆ ಕನ್ನಡಿ, ಅದರಲ್ಲಿ ಅವಳೇ. ಒಂದು ದೋಸೆ ಸಾಕು ಅಂದಳು. ಜೀವಿತಾ ಪೂರಿ ಹೇಳಿದಳು. ಮನೆಯಲ್ಲಿರುವ ಹಾಲನಿಗೆ ಅಂತ ಎರಡು ಬೋಂಡಾ ಕಟ್ಟಿಸಲು ಹೇಳಿದ್ದೇ ತಪ್ಪಾಯಿತು. ಮುರಳೀಧರನ್ ಅಡಿಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ.

"ಗುಂಡಮ್ಮನ ಮೇಜಿಗೆ ಸಾಂಬಾರ್ ಬಕೆಟ್ ತಂದು ಅಲ್ಲೇ ಇಟ್ಟುಬಿಡು. ಎಷ್ಟು ಸಲ ಓಡಾಡೋದು?"

ಒಳಗಿನಿಂದ ನಗು ಕೇಳಿತು. ಕ್ಯಾಶಿನಲ್ಲಿ ಕೂತವನೂ ತಲೆ ಬಗ್ಗಿಸಿ ನಕ್ಕ. ಜೀವಿತಾ ಎದ್ದು ನಿಂತಳು. ಯಾರನ್ನು ಹಾಗಂದೆ, ನಿನ್ನ ತಾಯಿಗೂ ಹಾಗೇ ಅನ್ನುತ್ತೀಯಾ ಅಂತ ಕೇಳುತ್ತಾ ಹೋದಂತೆ ಅವಳ ದನಿ ಏರಿತು. ಇಡೀ ಹೋಟೆಲು ಇವರ ಕಡೆ ನೋಡತೊಡಗಿತು. ಯಾರೋ ಫೋನ್ ಎತ್ತಿ ಹಿಡಿದರು. ಮ್ಯಾನೇಜರ್ ಓಡಿ ಬಂದು, ತಮಾಷೆಗೆ ಹೇಳಿದ್ದಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದ. ಆಮೇಲೆ ಮುರಳೀಧರನ ಕಡೆ ತಿರುಗಿ, ಅಮ್ಮನವರಿಗೆ ನಮ್ಮ ಕಡೆಯಿಂದ ಎರಡು ಜಾಮೂನು ಕೊಡು ಅಂದ. ಈ ಸಲ ನಕ್ಕವರು ಗಿರಾಕಿಗಳು.

ಕೆಂಪಿ ಬಟ್ಟೆಯ ಚೀಲ ಎತ್ತಿಕೊಂಡು ಹೊರಗೆ ನಡೆದಳು. ದೋಸೆ ಇನ್ನೂ ಬಂದಿರಲಿಲ್ಲ.

ಇಬ್ಬರೂ ಬಸ್ ಹತ್ತಿದರು. ಅವ್ವೆ ತನ್ನ ಪರ ವಹಿಸಿದ ಮಗಳಿಗೆ ಒಂದು ಒಳ್ಳೆಯ ಮಾತು ಹೇಳುತ್ತಾಳೆ ಅಂತ ಜೀವಿತಾ ಕಾಯುತ್ತಿದ್ದಳು. ಹಟ್ಟಿ ಹತ್ತಿರವಾದಾಗ ಕೆಂಪಿ ಬಾಯಿ ಬಿಟ್ಟಳು.

"ನೀ ಏಕ ಕೂಗಿದೆ? ಅವ ಹೇಳಿದ್ದು ನಾಲ್ಕು ಜನಕ್ಕ ಕೇಳಿತು. ನೀ ಕೂಗಿದ್ದು ಎಲ್ಲಾರ್ಗೂ ಕೇಳಿತು."

ಜೀವಿತಾ ಅತ್ತಳು. ಕೆಂಪಿ ಅಳಲಿಲ್ಲ. ಮನೆಗೆ ಬಂದು, ಹೋಟೆಲಲ್ಲಿ ರಶ್ಶಿತ್ತು ಅಂತ ಹಾಲನಿಗೆ ಹೇಳಿ ಒಲೆ ಹಚ್ಚಿದಳು.

ಆ ವಾರವೇ ಅವಳು ಮಾತ್ರೆಯನ್ನು ಅರ್ಧ ಮುರಿದು ನುಂಗಲು ಶುರುಮಾಡಿದ್ದು. ಮದುವೆಯಲ್ಲಿ ಬೀಗರ ಹಟ್ಟಿಯವರೆಲ್ಲ ಸೇರುತ್ತಾರೆ, ಮಗಳ ಪಕ್ಕದಲ್ಲಿ ತಾನು ನಿಲ್ಲಬೇಕು, ಅಲ್ಲಿ ಯಾರಾದರೂ ಒಂದು ಮಾತು ಅಂದರೆ ಜೀವಿತಾ ಮತ್ತೆ ಕೂಗುತ್ತಾಳೆ. ಇದೇ ಅವಳ ತಲೆಯಲ್ಲಿ ತಿರುಗುತ್ತಿತ್ತು. ಕೆಲವು ದಿನ ಹೋದ ಮೇಲೆ ಅರ್ಧವನ್ನೂ ಬಿಟ್ಟಳು. ಹಾಲನ್ ನೋಡುವಾಗ ಮಾತ್ರೆ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿಯುತ್ತಿದ್ದಳು. ರಾತ್ರಿ ಊಟ ನಿಲ್ಲಿಸಿದಳು.

ಮುಖ ಇಳಿಯಿತು. ರವಿಕೆ ಸಡಿಲವಾಯಿತು. ಮದುವೆ ಕಳೆ ಬಂದಿದೆ ಅಂತ ಪಕ್ಕದ ಮನೆಯ ಕಾಳಮ್ಮ ಹೊಗಳಿದಳು. ಜೀವಿತಾಳಿಗೂ ಸಂತೋಷವೇ ಆಯಿತು, ಅವ್ವೆ ಎಷ್ಟು ಸಣ್ಣಗಾಗಿದ್ದಾಳೆ ಅಂತ ಭಾವೀ ಗಂಡನಿಗೆ ಫೋನಿನಲ್ಲಿ ಹೇಳಿದಳು. ಕೆಂಪಿಯ ಬೆರಳು ಮತ್ತೆ ಬಿಗಿದು ಮಡಚಿಕೊಳ್ಳುತ್ತಿರುವುದನ್ನು ಯಾರೂ ಗಮನಿಸಲಿಲ್ಲ. ಅವಳು ಕೈಯಲ್ಲಿ ಕೀಳುವುದು ಬಿಟ್ಟು ಕತ್ತರಿ ಹಿಡಿದಳು. ಎಲೆಯಲ್ಲಿ ಕಡ್ಡಿ ಸೇರುತ್ತಿದೆ ಅಂತ ಶೆಡ್ಡಿನಿಂದ ಮಾತು ಬಂದಾಗ, ಮದುವೆಯ ಗಡಿಬಿಡಿ ಅಂದಳು. ವಾಂತಿಯಾಗುತ್ತಿತ್ತು, ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಹಾಲನ್ ಕೇಳಿದರೆ, "ಒಂದೂ ಇಲ್ಲೆ" ಅನ್ನುತ್ತಿದ್ದಳು.

ಮದುವೆಗೆ ನಾಲ್ಕು ದಿನ ಇರುವಾಗ ಕೆಂಪಿ ಚಹಾಸಾಲಿನ ನಡುವೆ ಬಿದ್ದಳು. ಮೇಲಿನ ತೋಟದಲ್ಲಿದ್ದ ಚಂದ್ರನ್ ನೋಡಿ ಕೂಗು ಹಾಕಿದ. ಅವನೂ ಹಾಲನೂ ಕಂಬಳಿಯಲ್ಲಿ ಅವಳನ್ನು ಹೊತ್ತು ರಸ್ತೆಗೆ ತಂದರು. ಆಸ್ಪತ್ರೆ ಮುಟ್ಟುವಾಗ ಮೈ ತಣ್ಣಗಾಗಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಮಾತ್ರೆ ನಿಲ್ಲಿಸಿದ್ದಾಳಾ ಅಂತ ಡಾಕ್ಟರಮ್ಮ ಕೇಳಿದರು. ದಿನಾ ತಗೊಳ್ಳುತ್ತಾಳೆ, ನಾನೇ ನೋಡಿದ್ದೇನೆ ಅಂದ ಹಾಲನ್. ವರ್ಷಗಟ್ಟಲೆ ಈ ಮಾತ್ರೆ ನುಂಗಿದ ಮೈ ಅಂಥ ರಸವನ್ನು ತಾನೇ ಮಾಡಿಕೊಳ್ಳುವುದನ್ನು ಮರೆತಿರುತ್ತದೆ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಅಂತ ಅವರು ಬಿಡಿಸಿ ಹೇಳಿದರು. ಎಚ್ಚರವಾದ ಮೇಲೆ ಕೆಂಪಿ ಒಪ್ಪಿಕೊಂಡಳು. ಏಕೆ ಅಂತ ಹಾಲನ್ ಕೇಳಿದ. ಅವಳು ಗೋಡೆಯ ಕಡೆ ತಿರುಗಿದಳು. ಹೋಟೆಲಿನ ಕಥೆ ಅವನಿಗೆ ಗೊತ್ತಾದದ್ದು ಜೀವಿತಾಳಿಂದ, ಆಸ್ಪತ್ರೆಯ ಮೆಟ್ಟಿಲ ಮೇಲೆ.

ಮದುವೆ ಮುಂದೂಡೋಣ ಅಂದವಳು ಜೀವಿತಾ ಒಬ್ಬಳೇ. ಬೇಡ ಅಂದರು ಹಿರಿಯರು. ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದವಳು ಕೆಂಪಿ. ಮದುವೆಯ ದಿನ ಬೆಳಿಗ್ಗೆ ಹೆಣ್ಣನ್ನು ಗಂಡಿನ ಹಟ್ಟಿಗೆ ಕರೆದೊಯ್ಯುವ ಮೊದಲು ಜೀಪು ಆಸ್ಪತ್ರೆಯ ಮುಂದೆ ನಿಂತಿತು. ಜೀವಿತಾ ಮದುವೆಯ ಬಟ್ಟೆಯಲ್ಲೇ ವಾರ್ಡಿಗೆ ಬಂದು ಮಂಚದ ಪಕ್ಕ ತಲೆ ಬಗ್ಗಿಸಿದಳು. ಹರಸುವಾಗ ಅಂಗೈ ಬಿಚ್ಚಿ ತಲೆಯ ಮೇಲಿಡಬೇಕು. ಕೆಂಪಿಯ ಬೆರಳು ಬಿಚ್ಚಲಿಲ್ಲ. ಮುಷ್ಟಿಯನ್ನೇ ಮಗಳ ತಲೆಯ ಮೇಲಿಟ್ಟಳು.

"ಒಂದು ಸಾವಿರ ಆಗಲಿ," ಅಂತ ಹಟ್ಟಿಯಲ್ಲಿ ಹರಸುವ ಹಾಗೆ ಹರಸಿದಳು. "ಎನ್ನ ಮಾತು ಅಲ್ಲಿ ಎತ್ತಬೇಡ. ಅಳಬೇಡ."

ಜೀವಿತಾ ಜೀಪು ಹತ್ತುವವರೆಗೆ ಅಳಲಿಲ್ಲ.

ತಿಂಗಳ ಮೇಲೆ ಅವಳು ಗಂಡನ ಜೊತೆ ಆ ಹೋಟೆಲಿಗೆ ಹೋದಳು. ಕೂಗುವುದಿಲ್ಲ ಅಂತ ಮೊದಲೇ ನಿಶ್ಚಯ ಮಾಡಿಕೊಂಡಿದ್ದಳು. ಮುರಳೀಧರನ್ ಅಲ್ಲೇ ಇದ್ದ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಹಿಡಿದಿದ್ದ. ಆ ದಿನದ್ದನ್ನೆಲ್ಲ ಜೀವಿತಾ ಮೆಲ್ಲಗೆ ಹೇಳಿದಳು, ಕುರ್ಚಿ, ಸಾಂಬಾರ್ ಬಕೆಟ್, ಆಮೇಲೆ ಆಸ್ಪತ್ರೆ. ಅವನು ಹುಬ್ಬು ಗಂಟಿಕ್ಕಿ ಕೇಳಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ.

"ಯಾವ ಅಮ್ಮ ಅಂತ ಹೊಳೀತಿಲ್ಲ ತಂಗಚ್ಚಿ," ಅಂದ. "ನಾನು ಎಲ್ಲರ ಹತ್ತಿರಾನೂ ಹಾಗೇ ತಮಾಷೆ ಮಾಡ್ತೀನಿ."

ಜೀವಿತಾ ಬೈದು ಬರುವಷ್ಟು ಮಾತು ಜೋಡಿಸಿಕೊಂಡು ಬಂದಿದ್ದಳು. ನೆನಪೇ ಇಲ್ಲದವನ ಮುಂದೆ ಆ ಮಾತಿಗೆ ನಿಲ್ಲಲು ಜಾಗ ಸಿಗಲಿಲ್ಲ. ಯಾವುದೋ ಮೇಜಿನಿಂದ ಕಾಫಿ ಕೇಳಿದರು, ಅವನು ಹೋದ.

ಕೆಂಪಿ ಈಗ ಮಾತ್ರೆ ತಪ್ಪಿಸುವುದಿಲ್ಲ. ಮುಖ ಮತ್ತೆ ಗುಂಡಗಾಗಿದೆ, ಮೈ ಮೊದಲಿಗಿಂತ ಭಾರವಾಗಿದೆ. ಬಾವು ಇಳಿದರೂ ಬೆರಳು ಮಾತ್ರ ಹಿಂದಿನ ಹಾಗೆ ಆಗಲಿಲ್ಲ. ತೋಟವನ್ನು ಚಂದ್ರನ್ ಪಾಲಿಗೆ ಮಾಡುತ್ತಿದ್ದಾನೆ, ಯಂತ್ರ ಹಿಡಿದು ಎಲೆ ಕತ್ತರಿಸುತ್ತಾನೆ. ಅದರ ಸದ್ದು ಕೇಳಿದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ.

ಆಸ್ಪತ್ರೆಗೆ ಹೋಗುವ ದಿನ ಹಾಲನ್ ಮನೆಯಿಂದಲೇ ಬುತ್ತಿ ಕಟ್ಟುತ್ತಾನೆ. ಕೂನೂರಿನಲ್ಲಿ ಹೋಟೆಲಿಗೇನೂ ಬರವಿಲ್ಲ. ಒಂದು ಕಾಫಿಯಾದರೂ ಕುಡಿಯೋಣ ಬಾ ಅಂತ ಅವನು ಕರೆದು ನೋಡಿದ್ದಾನೆ. ಬೇಡ ಅನ್ನುತ್ತಾಳೆ. ಆಸ್ಪತ್ರೆಯ ಹಿಂದೆ, ಆಂಬುಲೆನ್ಸ್ ನಿಲ್ಲಿಸುವ ಕಡೆ ಒಂದು ಸಿಮೆಂಟ್ ಕಟ್ಟೆಯಿದೆ. ಅಲ್ಲಿ ಕೂತು ಅವನು ಅನ್ನ ಕಲಸಿ ಕೊಡುತ್ತಾನೆ. ಯಾರಾದರೂ ಹಾದು ಹೋದರೆ ಕೆಂಪಿ ಅಗಿಯುವುದನ್ನು ನಿಲ್ಲಿಸುತ್ತಾಳೆ. ಅವರು ದಾಟಿ ಹೋದ ಮೇಲೆ ಬಾಯಲ್ಲಿದ್ದದ್ದನ್ನು ನುಂಗುತ್ತಾಳೆ.